ಪೇಪರ್ ಎಣಿಸುವುದಲ್ಲ, ಓದುವುದು

(ಟಿನ್ ಫ್ಯಾಕ್ಟರಿಯಲ್ಲಿ ನಡೆದ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)

 

ಈ ವರ್ಷ ಬಂದ ಅರ್ಜಿಗಳಲ್ಲಿ ಒಂದರ ಬಗ್ಗೆ ಸಮಿತಿಯಲ್ಲಿ ಬಹಳ ಹೊತ್ತು ಚರ್ಚೆಯಾಯಿತು. ಬಿ.ಎಸ್ಸಿ. ಮುಗಿಸಿದ ಹೆಣ್ಣುಮಗು. ಎಂ.ಎಸ್ಸಿ. ಓದಿ ಕ್ಯಾನ್ಸರ್ ಸಂಶೋಧನೆಗೆ ಹೋಗುತ್ತೇನೆ ಎಂದು ಬರೆದಿದ್ದಾಳೆ. "ನರ್ಸಿಂಗ್ ಓದಿದರೆ ನಾಲ್ಕು ವರ್ಷಕ್ಕೆ ಮನೆಗೆ ಸಂಬಳ ಬರುತ್ತದೆ. ಸಂಶೋಧನೆ ಅಂದರೆ ಪೇಪರ್ ಬರೆಯುವುದು ತಾನೆ? ಅದರಿಂದ ಏನು ಬಂತು?" ಎಂದು ದಾನಿಗಳೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ದುಡಿದ ಹಣ ಕೊಡುವವರು ಕೇಳಲೇಬೇಕು. ಅದಕ್ಕೇ ಇವತ್ತು ಉತ್ತರ ಹೇಳಲು ನಿಂತಿದ್ದೇನೆ.

ವಿಜ್ಞಾನಿ ತಾನು ಕಂಡದ್ದನ್ನು ಬರೆದು ಪತ್ರಿಕೆಗೆ ಕಳಿಸುತ್ತಾರೆ. ಆ ವಿಷಯ ಬಲ್ಲ ಬೇರೆಯವರು ಪರಿಶೀಲಿಸಿದ ಮೇಲೆ ಅದು ಅಚ್ಚಾಗುತ್ತದೆ. ಮುಂದೆ ಮತ್ತೊಬ್ಬ ವಿಜ್ಞಾನಿ ತಮ್ಮ ಪೇಪರಿನಲ್ಲಿ ಅದನ್ನು ಹೆಸರಿಸಿದರೆ ಅದು ಒಂದು ಸೈಟೇಶನ್. 2005ರಲ್ಲಿ ಹಿರ್ಶ್ ಎಂಬ ಭೌತವಿಜ್ಞಾನಿ ಇದಕ್ಕೊಂದು ಲೆಕ್ಕ ಕಟ್ಟಿದರು. ಒಬ್ಬರ 20 ಪೇಪರುಗಳನ್ನು ತಲಾ ಕನಿಷ್ಠ 20 ಸಲ ಬೇರೆಯವರು ಹೆಸರಿಸಿದ್ದರೆ ಅವರ ಎಚ್-ಇಂಡೆಕ್ಸ್ 20. ನಮ್ಮ ಮಾರ್ಕ್ಸ್ ಕಾರ್ಡಿನ ಶೇಕಡಾವಾರು ಇದ್ದ ಹಾಗೆ. ಉಪಯೋಗವಿದೆ, ಆದರೆ ಮಗು ಏನು ಕಲಿತಿದೆ ಎಂದು ಅದು ಹೇಳುವುದಿಲ್ಲ.

ನಮ್ಮ ಊರಿನದೇ ಒಂದು ಉದಾಹರಣೆ ಕೊಡುತ್ತೇನೆ. ನಾವು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಸತೀಶ್ ರಾಘವನ್ ಎಂಬ ಜೀವರಸಾಯನ ವಿಜ್ಞಾನಿ ಇದ್ದಾರೆ. ನಮ್ಮ ಜೀವಕೋಶದೊಳಗಿನ ಡಿಎನ್‌ಎ ಎರಡು ಎಳೆಯ ಹಗ್ಗದಂತೆ. ಎರಡೂ ಎಳೆ ತುಂಡಾದರೆ ಕೋಶ ಅದನ್ನು ಮತ್ತೆ ಜೋಡಿಸಿಕೊಳ್ಳುತ್ತದೆ. ತುದಿಗಳನ್ನು ಬೆಸೆಯುವ ಕೆಲಸ ಲೈಗೇಸ್-4 ಎಂಬ ಕಿಣ್ವದ್ದು. ಕ್ಯಾನ್ಸರಿಗೆ ರೇಡಿಯೇಶನ್ ಕೊಡುವುದು ರೋಗದ ಕೋಶಗಳ ಡಿಎನ್‌ಎ ಮುರಿಯಲೆಂದೇ. ಅವು ಮತ್ತೆ ಜೋಡಿಸಿಕೊಂಡರೆ ಚಿಕಿತ್ಸೆ ಫಲಿಸುವುದಿಲ್ಲ. ಹಾಗಾದರೆ ಆ ಬೆಸುಗೆಯನ್ನೇ ತಡೆದರೆ? ರಾಘವನ್ ಅವರ ತಂಡ ಎಸ್‌ಸಿಆರ್7 ಎಂಬ ಅಣುವಿನಿಂದ ಇದು ಸಾಧ್ಯ, ಇಲಿಗಳಲ್ಲಿ ಗೆಡ್ಡೆಯ ಬೆಳವಣಿಗೆ ತಗ್ಗಿತು ಎಂದು 2012ರ ಡಿಸೆಂಬರಿನಲ್ಲಿ 'ಸೆಲ್' ಪತ್ರಿಕೆಯಲ್ಲಿ ಪ್ರಕಟಿಸಿತು. 2013ರಲ್ಲಿ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2015ರಲ್ಲಿ ವಿದೇಶದ ಎರಡು ತಂಡಗಳು ಅದೇ ಅಣುವನ್ನು ಕ್ಯಾನ್ಸರಿಗಲ್ಲ, ಜೀನ್ ತಿದ್ದುವ ಕ್ರಿಸ್ಪರ್ ವಿಧಾನಕ್ಕೆ ಬಳಸಿ, ತಿದ್ದುವಿಕೆ ಹೆಚ್ಚು ನಿಖರವಾಯಿತು ಎಂದು ಬರೆದವು. 2016ರಲ್ಲಿ ಅಮೆರಿಕದ ವಿಜ್ಞಾನಿಗಳು, ಈ ಅಣುವಿಗೆ ಲೈಗೇಸ್-4ನ್ನೇ ಗುರಿಯಾಗಿಸಿ ತಡೆಯುವ ಶಕ್ತಿ ಇಲ್ಲ ಎಂದು ಪ್ರಕಟಿಸಿದರು. ಅವರಲ್ಲೊಬ್ಬರು ಮೈಕಲ್ ಲೀಬರ್. ರಾಘವನ್ ಅವರು ಹಿಂದೆ ಸಂಶೋಧನೆ ಮಾಡಿದ್ದು ಇವರ ಪ್ರಯೋಗಾಲಯದಲ್ಲೇ. 2018ರಲ್ಲಿ ಬೆಂಗಳೂರಿನ ತಂಡ ಆ ಅಣುವಿನ ಬೇರೆ ಬೇರೆ ರೂಪಗಳನ್ನು ಪರೀಕ್ಷಿಸಿ, ಅವು ಲೈಗೇಸ್-4ರ ಮೂಲಕವೇ ಕೆಲಸ ಮಾಡುತ್ತವೆ ಎಂದು ಉತ್ತರ ಪ್ರಕಟಿಸಿತು.

ಗಮನಿಸಿ, ಸೈಟೇಶನ್ ಲೆಕ್ಕದಲ್ಲಿ ಬಳಸಿದವರದೂ ಒಂದು, ಒಪ್ಪದವರದೂ ಒಂದು. ಸಂಖ್ಯೆ ಎರಡನ್ನೂ ಒಂದೇ ಎಂದು ಕೂಡುತ್ತದೆ. ಗುರು ಪ್ರಶ್ನೆ ಕೇಳಿದರು, ಶಿಷ್ಯ ಪ್ರಯೋಗ ಮಾಡಿ ಉತ್ತರ ಕೊಟ್ಟರು. ಇದರಲ್ಲಿ ಯಾರಿಗೂ ಅವಮಾನವಿಲ್ಲ. ನಾಳೆ ರೋಗಿಯ ಮೈಗೆ ಹೋಗಬಹುದಾದ ವಸ್ತುವನ್ನು ಹೀಗೇ ಉಜ್ಜಿ ನೋಡಬೇಕು. ಈ ಅಣು ಇನ್ನೂ ಔಷಧದಂಗಡಿಗೆ ಬಂದಿಲ್ಲ. ಆದರೂ ಅದರಿಂದ ಏನು ಬಂತು ಎಂದರೆ, ಮುಂದಿನವರು ಎಲ್ಲಿಂದ ಶುರು ಮಾಡಬೇಕು ಎಂಬ ತಿಳಿವಳಿಕೆ ಬಂತು.

ಪೋಷಕರಿಗೆ ಒಂದು ಮಾತು. ಮಕ್ಕಳು ಸಂಶೋಧನೆಗೆ ಗೈಡ್ ಹುಡುಕುವಾಗ ಎಷ್ಟು ಪೇಪರ್ ಎಂದು ಮಾತ್ರ ಕೇಳಬೇಡಿ. ಅವರ ಕೆಲಸವನ್ನು ಯಾರು ಬಳಸಿದ್ದಾರೆ, ಯಾರು ಪ್ರಶ್ನಿಸಿದ್ದಾರೆ, ಅವರು ಹೇಗೆ ಉತ್ತರಿಸಿದ್ದಾರೆ, ಅವರ ಕೈಕೆಳಗೆ ಕಲಿತವರು ಈಗ ಎಲ್ಲಿದ್ದಾರೆ, ಇಷ್ಟನ್ನು ವಿಚಾರಿಸಿ.

ದಾನಿಗಳಿಗೆ ಲೆಕ್ಕ ಹೇಳುತ್ತೇನೆ. ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಪಡೆದು ಪಿಎಚ್.ಡಿ.ಗೆ ಸೇರಿದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇದೆ. ಮನೆಯವರ ಮೇಲೆ ಭಾರ ಬೀಳುವುದು ಅದಕ್ಕೆ ಮುಂಚಿನ ಎಂ.ಎಸ್ಸಿ.ಯ ಎರಡು ವರ್ಷ. ಬಡ ಮನೆಯ ಮಕ್ಕಳು ಓದು ಬಿಡುವುದೂ ಅಲ್ಲೇ. ನಾವು ಕೈ ಹಿಡಿದು ದಾಟಿಸಬೇಕಾದದ್ದು ಆ ಎರಡು ವರ್ಷವನ್ನು.

ಆ ಟಾಟಾ ಇನ್‌ಸ್ಟಿಟ್ಯೂಟೂ ದಾನದಿಂದಲೇ ಎದ್ದದ್ದು. ಜಮ್ಷೆಡ್‌ಜಿ ಟಾಟಾ ಹಣ ಇಟ್ಟರು, ಮೈಸೂರು ಸಂಸ್ಥಾನ 371 ಎಕರೆ ಜಮೀನು ಕೊಟ್ಟಿತು. ಸಂಸ್ಥೆ ಶುರುವಾದದ್ದು 1909ರಲ್ಲಿ, ಟಾಟಾ ತೀರಿಕೊಂಡದ್ದು 1904ರಲ್ಲಿ. ಕೊಟ್ಟವರು ಕಟ್ಟಡವನ್ನೂ ನೋಡಲಿಲ್ಲ.

ಆದ್ದರಿಂದ ಸಮಿತಿಯಲ್ಲಿ ನನ್ನ ಕೋರಿಕೆ ಇಷ್ಟೇ: ಆ ಮಗುವಿನ ಅರ್ಜಿಯನ್ನು ಎರಡೂ ವರ್ಷಕ್ಕೆ ಮಂಜೂರು ಮಾಡಿ. ಮುಂದಿನ ವರ್ಷ ನವೀಕರಿಸುವಾಗ ಶೇಕಡಾವಾರನ್ನು ನೋಡಿ, ಜೊತೆಗೆ ಅವಳನ್ನು ಕೂರಿಸಿಕೊಂಡು ಏನು ಕಲಿತೆ ಮಗಳೇ ಎಂದೂ ಕೇಳಿ.