ಬ್ಯಾಟರಿಗೆ ಯಾವ ಬೆಸುಗೆ?

(ವಿದ್ಯಾರ್ಥಿಗಳ ವೃತ್ತಿ ಮಾರ್ಗದರ್ಶನ ಸಭೆಯಲ್ಲಿ ಮಾಡಿದ ಭಾಷಣ)



ಉರ್ದು, ಕನ್ನಡ ಕಲಿಸುವ ಮೇಷ್ಟ್ರಿಗೆ ಬ್ಯಾಟರಿಯ ಗೊಡವೆ ಏಕೆಂದು ನೀವು ಕೇಳಬಹುದು. ಕಾರಣ ಒಂದು ಪದ. ಕನ್ನಡದಲ್ಲಿ ಸಾಲ್ಡರಿಂಗೂ ಬೆಸುಗೆ, ವೆಲ್ಡಿಂಗೂ ಬೆಸುಗೆ. ಉರ್ದುವಿನ 'ಟಾಂಕಾ' ಬಟ್ಟೆಯ ಹೊಲಿಗೆಗೂ ಸಲ್ಲುತ್ತದೆ, ಸಾಲ್ಡರಿಂಗಿಗೂ ಸಲ್ಲುತ್ತದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಿಲಕ್ ನಗರದ ಕಡೆ ರಿಪೇರಿ ಅಂಗಡಿಯೊಂದರಲ್ಲಿದ್ದಾನೆ. ಮಾಲೀಕರು "ಟಾಂಕಾ ಹಾಕು" ಎಂದರಂತೆ. ಹುಡುಗ ಮೊಬೈಲ್ ರಿಪೇರಿಯ ಸಾಲ್ಡರಿಂಗ್ ಐರನ್ನನ್ನೇ ಸ್ಕೂಟರ್ ಬ್ಯಾಟರಿಯ ಸೆಲ್ ಮೇಲೆ ಒತ್ತಿ ಹಿಡಿದ. ಸೆಲ್ ಹೊಗೆ ಉಗುಳಿತು, ಅಂಗೈ ಸುಟ್ಟಿತು. "ಸರ್, ಎರಡಕ್ಕೂ ಒಂದೇ ಹೆಸರಲ್ವಾ?" ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಓದಿ, ಕೇಳಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

2001ರಲ್ಲಿ ನಮ್ಮ ಬೆಂಗಳೂರಿನ ರೇವಾ ಕಾರು ಬಂದಾಗ ಅದರಲ್ಲಿ ಸೀಸದ ಬ್ಯಾಟರಿಗಳಿದ್ದವು. ಇಂದಿನ ಎಷ್ಟೋ ಸ್ಕೂಟರುಗಳಲ್ಲಿರುವುದು ಸಣ್ಣ ಲಿಥಿಯಂ ಸೆಲ್‌ಗಳ ಒಂದು ಜಮಾಅತ್. '18650' ಎಂಬ ಸೆಲ್ಲಿಗೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಸುಮಾರು 3.6 ವೋಲ್ಟ್. 13 ಸೆಲ್ ಸಾಲಾಗಿ ಜೋಡಿಸಿದರೆ 48 ವೋಲ್ಟಿನ ಬ್ಯಾಟರಿ. ಒಳಗೆ ಎರಡು ಧ್ರುವಗಳನ್ನು ಬೇರೆಯಾಗಿಡುವ ತೆಳು ಪ್ಲಾಸ್ಟಿಕ್ ಪೊರೆ ಸುಮಾರು 130 ಡಿಗ್ರಿಗೇ ಕರಗತೊಡಗುತ್ತದೆ. ಸಾಲ್ಡರಿಂಗ್ ಐರನ್ನಿನ ತುದಿ 350 ಡಿಗ್ರಿ!

ಸ್ಪಾಟ್ ವೆಲ್ಡಿಂಗಿನಲ್ಲಿ 0.15 ಮಿಲಿಮೀಟರಿನ ನಿಕ್ಕಲ್ ಪಟ್ಟಿಯನ್ನು ಸೆಲ್ ಮೇಲಿಟ್ಟು, ಎರಡು ಕಡ್ಡಿಗಳಿಂದ ಒತ್ತಿ, ಕೆಲವೇ ಮಿಲಿಸೆಕೆಂಡು ಭಾರೀ ಕರೆಂಟ್ ಹರಿಸುತ್ತಾರೆ. ಹತ್ತನೇ ತರಗತಿಯ ಜೌಲ್ ನಿಯಮ ನೆನಪಿದೆಯೇ? ರೋಧವಿರುವಲ್ಲಿ ಶಾಖ. ಬಿಸಿ ಸೆಲ್ಲಿನೊಳಗೆ ಇಳಿಯುವ ಮೊದಲೇ ಕೆಲಸ ಮುಗಿದಿರುತ್ತದೆ. ತಾಮ್ರದ ರೋಧ ನಿಕ್ಕಲಿನ ಕಾಲುಭಾಗದಷ್ಟೇ. ಆದ್ದರಿಂದ ಕರೆಂಟ್ ಸಾಗಿಸಲು ಅದು ಉತ್ತಮ, ಆದರೆ ಅಂಗಡಿಯ ಸಣ್ಣ ಮೆಷಿನ್ನಿಗೆ ಜಗ್ಗುವುದಿಲ್ಲ. ಕಾರ್ಖಾನೆಗಳು ಚೌಕ ಸೆಲ್‌ಗಳಿಗೆ ಲೇಸರ್ ಬಳಸುತ್ತವೆ. ಇನ್ನು ಕೆಲವೆಡೆ ತೆಳು ಅಲ್ಯೂಮಿನಿಯಂ ತಂತಿಯನ್ನು ಶ್ರವಣಾತೀತ ಕಂಪನದಿಂದ ಕೂಡಿಸುತ್ತಾರೆ. ಆ ತಂತಿ ಫ್ಯೂಸಿನ ಕೆಲಸವನ್ನೂ ಮಾಡುತ್ತದೆ. ದೊಡ್ಡ ಸೆಲ್‌ಗಳಿಗೆ ಬೋಲ್ಟ್ ಹಾಕಿದರೆ ಬಿಸಿಯ ಭಯವಿಲ್ಲ, ಬಿಚ್ಚಿ ರಿಪೇರಿ ಮಾಡಬಹುದು. ಆದರೆ ಬನಶಂಕರಿಯಿಂದ ಬಿ.ಟಿ.ಎಂ.ವರೆಗಿನ ಹಳ್ಳದಿಣ್ಣೆಗಳಿಗೆ ಬೋಲ್ಟ್ ಸಡಿಲವಾಗದಂತೆ ನೋಡಿಕೊಳ್ಳಬೇಕು.

ಕೂಡಿಕೆ ಸರಿಯಿಲ್ಲದಿದ್ದರೆ ಏನು? 20 ಆಂಪಿಯರ್ ಹರಿಯುವಾಗ 1 ಮಿಲಿಓಮ್ ಕೂಡಿಕೆಯಲ್ಲಿ 0.4 ವ್ಯಾಟ್ ಶಾಖ. ಅದೇ 10 ಮಿಲಿಓಮ್ ಆದರೆ 4 ವ್ಯಾಟ್, ಒಂದು ಚುಕ್ಕೆಯಷ್ಟು ಜಾಗದಲ್ಲಿ! 2022ರಲ್ಲಿ ದೇಶದ ಹಲವೆಡೆ ಸ್ಕೂಟರುಗಳಿಗೆ ಬೆಂಕಿ ಬಿದ್ದ ಮೇಲೆ ಎ.ಐ.ಎಸ್. 156 ನಿಯಮವನ್ನು ಸರಕಾರ ಬಿಗಿಗೊಳಿಸಿತು. ಆ ಬೆಂಕಿಗಳಿಗೆಲ್ಲ ಬೆಸುಗೆಯೇ ಕಾರಣವೆಂದು ನಾನು ಹೇಳುವುದಿಲ್ಲ.

ಪಟ್ಟಿ ಕೊಳ್ಳುವಾಗ ಜೋಕೆ. ನಿಕ್ಕಲ್ ಲೇಪಿಸಿದ ಉಕ್ಕನ್ನು ನಿಕ್ಕಲ್ ಎಂದೇ ಮಾರುವವರಿದ್ದಾರೆ. ತುಂಡೊಂದನ್ನು ಗೀರಿ ಉಪ್ಪುನೀರಿನಲ್ಲಿಡಿ. ಉಕ್ಕಾದರೆ ತುಕ್ಕು ಕಾಣುತ್ತದೆ. ಬೆಸುಗೆ ಪರೀಕ್ಷಿಸಲು ಒಂದು ಮಾದರಿಯನ್ನು ಇಕ್ಕಳದಿಂದ ಕಿತ್ತು ನೋಡಿ. ಪಟ್ಟಿ ತೂತಾಗಿ ಹರಿದು ಚುಕ್ಕೆ ಅಲ್ಲೇ ಉಳಿದರೆ ಗಟ್ಟಿ. ಸಿಪ್ಪೆಯಂತೆ ಎದ್ದು ಬಂದರೆ ಕಚ್ಚಿಲ್ಲ.

ಆ ಹುಡುಗನ ಕೈ ವಾಸಿಯಾಗಿದೆ, ಅಲ್‌ಹಮ್ದುಲಿಲ್ಲಾಹ್. ಈಗ ಸ್ಪಾಟ್ ಮೆಷಿನ್ನಿನಲ್ಲೇ ಕೆಲಸ. ಮುಂದಿನ ತಿಂಗಳು ಅವನನ್ನೇ ನಿಮ್ಮೆದುರು ಕರೆಸುತ್ತೇನೆ. ಮನೆಯಿಂದ ಯಾರೂ ಹಳೆಯ ಸೆಲ್ ತರಬೇಡಿ, ಮೊದಲು ಬರೀ ಪಟ್ಟಿಗಳ ಮೇಲೆ ಕಲಿಯೋಣ.