ಸಂಘದ ವೆಬ್‌ಸೈಟ್: ಒಬ್ಬರ ಕೈಯಿಂದ ಹಲವರ ಕೈಗೆ
(ಸಂಘದ ಸಂಸ್ಥಾಪನಾ ದಿನದ ಸಮಾರಂಭದಲ್ಲಿ ವೆಬ್‌ಸೈಟ್ ಸಮಿತಿಯ ಪರವಾಗಿ ಮಾಡಿದ ಭಾಷಣ)



ಒಳಗಿನಿಂದ ಬಿಸಿಬೇಳೆಬಾತಿನ ಘಮ ಬರುತ್ತಿದೆ. ಆದ್ದರಿಂದ ಚುಟುಕಾಗಿಯೇ ಹೇಳುತ್ತೇವೆ.

ನಮ್ಮ ಹಳೆಯ ವೆಬ್‌ಸೈಟಿನ ಕಥೆ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಸದಸ್ಯರೊಬ್ಬರು ನಿದ್ದೆಗೆಟ್ಟು, ಒಂದು ಕಾಸೂ ಪಡೆಯದೆ ಅದನ್ನು ಕಟ್ಟಿದ್ದರು. ಯುಗಾದಿ ಕಾರ್ಯಕ್ರಮದ ವೇಳೆ ಬದಲಾದರೂ ಅವರೇ ತಿದ್ದಬೇಕಿತ್ತು. ಅವರಿಗೆ ಬೇರೆ ಊರಿನಲ್ಲಿ ಕೆಲಸವಾಯಿತು. ವೆಬ್‌ಸೈಟಿನ ವಿಳಾಸ ಅವರ ಹೆಸರಿನಲ್ಲಿತ್ತು. ನವೀಕರಣದ ಸೂಚನೆ ಅವರು ಬಳಸುವುದನ್ನೇ ಬಿಟ್ಟಿದ್ದ ಇ-ಮೇಲಿಗೆ ಹೋಯಿತು. ಒಂದು ಬೆಳಿಗ್ಗೆ ನೋಡಿದರೆ ವೆಬ್‌ಸೈಟೇ ಇಲ್ಲ! ಮಕ್ಕಳ ನಾಟಕದ ಚಿತ್ರಗಳು, ನಮ್ಮನ್ನಗಲಿದ ಹಿರಿಯರು ಬರೆದ ನೆನಪುಗಳು ಎಲ್ಲವೂ ಹೋದವು. ತಪ್ಪು ಅವರದಲ್ಲ. ಭಾರವನ್ನೆಲ್ಲ ಒಬ್ಬರ ಹೆಗಲಿಗೇರಿಸಿ ಚಪ್ಪಾಳೆ ತಟ್ಟಿ ಕುಳಿತ ನಮ್ಮೆಲ್ಲರದು.

ಈ ಸಲ ಹಾಗಾಗಬಾರದೆಂದು ವರ್ಡ್‌ಪ್ರೆಸ್ ಆರಿಸಿಕೊಂಡಿದ್ದೇವೆ. ಇದು ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಂ ಎಂಬ ಬಗೆಯ ತಂತ್ರಾಂಶ. 2003ರಲ್ಲಿ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ಇದನ್ನು ಹೊರತಂದರು. ತಂತ್ರಾಂಶಕ್ಕೆ ಬೆಲೆಯಿಲ್ಲ, ವಿಳಾಸಕ್ಕೂ ಸರ್ವರಿಗೂ ಮಾತ್ರ ಹಣ ಕಟ್ಟಬೇಕು.

ಇದರ ಗುಟ್ಟು ನಮ್ಮ ಕಂಪನಿ ನಾಟಕದವರಿಗೆ ಗೊತ್ತಿದ್ದದ್ದೇ. ಪರದೆ ಬದಲಾದರೆ ಮಾತು ಬದಲಾಗುವುದಿಲ್ಲ. ಇಲ್ಲಿ ನಮ್ಮ ಬರಹವೆಲ್ಲ ಡೇಟಾಬೇಸಿನಲ್ಲಿರುತ್ತದೆ. ಬಣ್ಣ, ವಿನ್ಯಾಸವೆಲ್ಲ 'ಥೀಮ್' ಎಂಬ ಪರದೆಯಲ್ಲಿ. ಬರೆಯುವವರು ಕಾಗದ ಟೈಪ್ ಮಾಡಿದಂತೆ ಬರೆದರಾಯಿತು, ಪ್ರೋಗ್ರಾಮಿಂಗ್ ಬೇಕಿಲ್ಲ.

ಆರಂಭಿಸುವವರಿಗೆ ನಾವು ಕಲಿತ ನಾಲ್ಕು ಮಾತು:

ಮೊದಲನೆಯದು, ವಿಳಾಸವನ್ನು ಸಂಘದ ಹೆಸರಿನಲ್ಲೇ, ಸಂಘದ ಇ-ಮೇಲಿನಿಂದಲೇ ನೋಂದಾಯಿಸಿ. ನವೀಕರಣದ ದಿನಾಂಕ ಖಜಾಂಚಿಗಳ ಪುಸ್ತಕದಲ್ಲಿರಲಿ.

ಎರಡನೆಯದು, ಚಿಕ್ಕದಾಗಿ ತೊಡಗಿ. ಸಂಘದ ಪರಿಚಯ, ಸದಸ್ಯತ್ವ, ಕನ್ನಡ ಶಾಲೆ, ಸಂಪರ್ಕ: ಇಷ್ಟು ಸಾಕು. ಸ್ಥಿರವಾದ ಇಂಥ ವಿಷಯಕ್ಕೆ 'ಪೇಜ್', ದಿನಾಂಕವುಳ್ಳ ಸುದ್ದಿಗೆ 'ಪೋಸ್ಟ್'. ಕಂಡ ಪ್ಲಗಿನ್‌ಗಳನ್ನೆಲ್ಲ ತುಂಬಬೇಡಿ. ಹಾಕಿದವನ್ನು ಆಗಾಗ ಅಪ್‌ಡೇಟ್ ಮಾಡದಿದ್ದರೆ ಅವೇ ಕಳ್ಳರಿಗೆ ಹಿತ್ತಿಲ ಬಾಗಿಲು.

ಮೂರನೆಯದು, ಕೆಲಸ ಹಂಚಿ. ವರ್ಡ್‌ಪ್ರೆಸ್ಸಿನಲ್ಲಿ 'ಕಾಂಟ್ರಿಬ್ಯೂಟರ್' ಆದವರು ಬರೆಯಬಹುದು, ಪ್ರಕಟಿಸಲಾರರು, ಪ್ರಕಟಿಸುವುದು 'ಎಡಿಟರ್'. ಇಡೀ ಮನೆಯ ಬೀಗದಕೈ 'ಅಡ್ಮಿನಿಸ್ಟ್ರೇಟರ್' ಬಳಿ. ಅಂಥವರು ಇಬ್ಬರಿರಲಿ, ಒಬ್ಬರೇ ಬೇಡ, ಹತ್ತು ಜನವೂ ಬೇಡ.

ನಾಲ್ಕನೆಯದು, ಪ್ರತಿ ತೆಗೆದಿಡಿ. ಡೇಟಾಬೇಸೊಂದನ್ನೇ ಉಳಿಸಿದರೆ ಬರಹ ಸಿಕ್ಕೀತು, ಚಿತ್ರಗಳು ಸಿಗವು; ಅವು ಬೇರೆ ಫೋಲ್ಡರಿನಲ್ಲಿರುತ್ತವೆ. ಎರಡನ್ನೂ ಸರ್ವರಿನ ಹೊರಗೆ ಇಟ್ಟುಕೊಳ್ಳಿ.

ಇನ್ನು ಕನ್ನಡದ ಮಾತು. ನಮ್ಮ ಹಳೆಯ ಸಂಚಿಕೆಗಳು ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿವೆ. ಹಾಗೆಯೇ ತಂದು ಹಾಕಿದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನವಿದೆ. ಪರಿವರ್ತಕ ತಂತ್ರಾಂಶದಿಂದ ಬರಹವನ್ನು ಬದಲಿಸಬಹುದು. ಆದರೆ ಒತ್ತಕ್ಷರ, ಅರ್ಕಾವತ್ತು ಎಡವುವುದುಂಟು. ಅದನ್ನು ತಿದ್ದಲು ಯಂತ್ರಕ್ಕಿಂತ ಊರಿನಿಂದ ಬಂದಿರುವ ನಮ್ಮ ಅಜ್ಜ ಅಜ್ಜಿಯರ ಕಣ್ಣೇ ಮೇಲು. ಮೊಮ್ಮಕ್ಕಳು ಟೈಪ್ ಮಾಡಲಿ, ಅಜ್ಜಿ ತಿದ್ದಲಿ. ಇದಕ್ಕಿಂತ ಒಳ್ಳೆಯ ಕನ್ನಡ ಪಾಠ ಇನ್ನೇನಿದೆ?

ನಮ್ಮ ಕೋರಿಕೆ ಇಷ್ಟೇ. ಮನೆಯ ಅಟ್ಟದಲ್ಲಿ, ಪೆಟ್ಟಿಗೆಯಲ್ಲಿ ಸಂಘದ ಹಳೆಯ ಸಂಚಿಕೆ, ಚಿತ್ರಗಳಿದ್ದರೆ ಕನ್ನಡ ಶಾಲೆಯ ದಿನ ತನ್ನಿ. ಕಳೆದುಕೊಂಡದ್ದರಲ್ಲಿ ಅರ್ಧವಾದರೂ ನಿಮ್ಮ ಮನೆಗಳಲ್ಲಿ ಇದ್ದೀತು. ಮುಂದೆ ನಮ್ಮಲ್ಲಿ ಯಾರು ಊರು ಬಿಟ್ಟರೂ ಸಂಘದ ನೆನಪು ಅವರ ಹಿಂದೆ ಹೋಗದಿರಲಿ.

ಊಟಕ್ಕೆ ಏಳೋಣ.