ಮುಗಿಯದ ಕಥೆಯ ಮುಂದೆ ಓದುಗ

ಪುಸ್ತಕವೊಂದು ನಮ್ಮ ಕೈಸೇರುವ ಹೊತ್ತಿಗೆ ಕರ್ತೃವಿನ ಕೆಲಸ ಮುಗಿದಿರುತ್ತದೆ. ಧಾರಾವಾಹಿಯ ಓದುಗನಾದರೋ ಒಲೆಯ ಮೇಲೆ ಅನ್ನ ಬೇಯುತ್ತಿರುವಾಗಲೇ ಅಡುಗೆಮನೆಯನ್ನು ಹೊಕ್ಕವನು. ಅಲ್ಲಿ ಅವನಾಡುವ ಮಾತಿಗೆ ಬೇರೆಯೇ ಒಂದು ಔಚಿತ್ಯ ಬೇಕು.

ಹಿಂದೆ ವಾರಪತ್ರಿಕೆಯ ಓದುಗರ ಪತ್ರ ಸಂಪಾದಕರ ಮೇಜನ್ನು ಹಾಯ್ದು ಲೇಖಕರನ್ನು ತಲಪುತ್ತಿತ್ತು. ತೀರ ಕಟುವಾದದ್ದು ಅಲ್ಲಿಯೇ ಉಳಿಯುವುದೂ ಉಂಟು. 2014ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರತಿಲಿಪಿಯಂಥ ಅಂತರಜಾಲ ತಾಣಗಳಲ್ಲಿ ಕಂತಿನ ಬೆನ್ನಿಗೇ ನಕ್ಷತ್ರಗಳೂ ಅಭಿಪ್ರಾಯಗಳೂ ಬಂದು ನಿಲ್ಲುತ್ತವೆ. ನಡುವೆ ಆ ಮೇಜಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು ಇಂತಹ ತಾಣವೊಂದರಲ್ಲಿ ಕಾದಂಬರಿ ಬರೆಯತೊಡಗಿದರು. ಎಳೆಯ ವಿಧವೆಯೊಬ್ಬಳು ಗಂಡನ ಮನೆಯ ಗದ್ದೆಯನ್ನು ತಾನೇ ಸಾಗುವಳಿ ಮಾಡುವ ಕಥೆ. 19 ಕಂತುಗಳನ್ನೂ ಅವುಗಳ ಕೆಳಗಿನ ಮಾತುಗಳನ್ನೂ ಓದಿದೆ. ಬಹುಪಾಲು, "ಮುಂದಿನ ಭಾಗ ಬೇಗ ಹಾಕಿ." ಕೆಲವರದು, "ಅವಳಿಗೆ ಮದುವೆ ಮಾಡಿಸಿ, ಇಲ್ಲವಾದರೆ ಓದುವುದಿಲ್ಲ." ಒಬ್ಬರು ಒಂದೇ ನಕ್ಷತ್ರವಿತ್ತು ಸುಮ್ಮನಾಗಿದ್ದರು. ಒಬ್ಬ ಓದುಗರು ಮಾತ್ರ, "ನಾಲ್ಕನೆಯ ಕಂತಿನಲ್ಲಿ ಅತ್ತೆಗೆ ಕಣ್ಣು ಕಾಣದೆಂದಿದ್ದಿರಿ, ಇಲ್ಲಿ ಅವರು ಕಾಗದ ಓದುತ್ತಿದ್ದಾರಲ್ಲ?" ಎಂದು ಕೇಳಿದ್ದರು. ಲೇಖಕಿ ಅದನ್ನು ಅಂದೇ ತಿದ್ದಿದರು. ಇಪ್ಪತ್ತನೆಯ ಕಂತು ಬರಲಿಲ್ಲ. "ಮೇಷ್ಟ್ರೇ, ಅವಳಿಗೆ ಮದುವೆ ಮಾಡಿಸಲು ಮನಸ್ಸಿಲ್ಲ, ಮಾಡಿಸದೆ ಬರೆಯಲು ಧೈರ್ಯವಿಲ್ಲ" ಎಂದರು. ಅದಾಗಿ ಎಂಟು ತಿಂಗಳಾಯಿತು.

ಓದುಗರು ಲೇಖಕರ ಕೈಹಿಡಿದು ಎಳೆಯುವುದು ಇಂದಿನ ಸಂಗತಿಯೇನಲ್ಲ. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಡಿಕನ್ಸ್ 'ದಿ ಓಲ್ಡ್ ಕ್ಯೂರಿಯಾಸಿಟಿ ಶಾಪ್' ಕಾದಂಬರಿಯನ್ನು ಕಂತುಗಳಲ್ಲಿ ಪ್ರಕಟಿಸುತ್ತಿದ್ದಾಗ, ಬಾಲಕಿ ನೆಲ್‌ಳನ್ನು ಸಾಯಿಸಬೇಡಿರೆಂದು ಓದುಗರು ಅಂಗಲಾಚಿದರು. ಆತ ಕೇಳಲಿಲ್ಲ, 1841ರಲ್ಲಿ ಅವಳು ಸತ್ತಳು. ಕೆಲವು ವರ್ಷಗಳ ಮೇಲೆ 'ಡೇವಿಡ್ ಕಾಪರ್‌ಫೀಲ್ಡ್' ಬರುತ್ತಿದ್ದಾಗ ಕುಳ್ಳ ದೇಹದ ಮಹಿಳೆಯೊಬ್ಬಳು, ಮಿಸ್ ಮೌಚರ್ ಎಂಬ ಪಾತ್ರದಲ್ಲಿ ತನ್ನ ಅಂಗವೈಕಲ್ಯವೇ ಚಿತ್ರಿತವಾಗಿದೆಯೆಂದು ನೊಂದು ಬರೆದಳು. ಡಿಕನ್ಸ್ ಈ ಬಾರಿ ಕೇಳಿದ. ಮುಂದಿನ ಕಂತುಗಳಲ್ಲಿ ಮೌಚರ್ ಸಹೃದಯಳಾದ, ನೆಚ್ಚಬಹುದಾದ ಹೆಣ್ಣಾಗಿ ಮೂಡಿದಳು. ಮೊದಲಿನವರು ಕಥೆಯ ಗತಿಯನ್ನು ಬೇಡಿದರು. ಈಕೆ ಕಥೆ ತನಗೆ ಮಾಡಿದ್ದನ್ನು ತಿಳಿಸಿದಳು. ಈ ಎರಡರ ಅಂತರವನ್ನು ಅರಿತವನಿಗೆ ಬೇರೆ ನಿಯಮಗಳು ಹೆಚ್ಚು ಬೇಕಾಗಲಾರವು. ಇಲ್ಲಿ ನಕ್ಕೆ, ಇಲ್ಲಿ ಎಡವಿದೆ, ಈ ಮಾತು ಅವಳ ಬಾಯಿಗೆ ಒಪ್ಪದೆನಿಸಿತು ಎನ್ನಬಹುದು. ಇಷ್ಟಾದರೂ ಬರೆಯಲಾಗದ ಹೊತ್ತಿನಲ್ಲಿ "ಓದಿದೆ" ಎಂಬ ಒಂದು ಪದವೂ ಸಾಕು. ನಡುರಾತ್ರಿ ಬರೆಯುವವರಿಗೆ ಅದರ ಬೆಲೆ ತಿಳಿದಿದೆ.

ಕಥೆಯ ಗುಟ್ಟನ್ನು ಹಿಂದಿನ ಕಂತಿನ ಕೆಳಗೆ ಒಡೆಯಬಾರದೆಂಬುದನ್ನು ನಾನು ಹೇಳಬೇಕಾಗಿಲ್ಲ. ಕಾಗುಣಿತದ ತಪ್ಪುಗಳನ್ನು ಎಲ್ಲರೆದುರು ಎಣಿಸುವ ಚಟ ನಮ್ಮ ಅಧ್ಯಾಪಕ ವರ್ಗಕ್ಕೆ ತುಸು ಹೆಚ್ಚು; ಅದನ್ನು ಲೇಖಕರಿಗಷ್ಟೇ ಪ್ರತ್ಯೇಕವಾಗಿ ಬರೆಯಬಹುದು. ಕಥೆ ರುಚಿಸದಿದ್ದರೆ ಬಿಡುವ ಸ್ವಾತಂತ್ರ್ಯವಂತೂ ಇದ್ದೇ ಇದೆ. ಹರಿಕಥೆಯ ನಡುವೆ ಏಳುವವರು ಮೆಲ್ಲನೆ ಚಪ್ಪಲಿ ಹುಡುಕಿಕೊಂಡು ಹೊರಟುಬಿಡುತ್ತಾರೆ. ದಾಸರ ಬಳಿಗೆ ಹೋಗಿ, ನಾನು ಹೊರಟೆ ಎಂದು ಸಾರುವವರನ್ನು ನಾನು ಕಂಡಿಲ್ಲ.